ಮತ್ತೆ ಮತ್ತೆ ಕೆಡುವ ಕಂಪ್ಯೂಟರು

'ಇವತ್ತು ಮೂರನೆಯ ಸಲ ಕೆಡಿಸಿದೆ. ಅವರಿಗೆ ಗೊತ್ತಾಗಿಬಿಟ್ಟಿದೆಯೇನೋ...'

ಡೈರಿಯಲ್ಲಿ ಇಷ್ಟು ಬರೆದು ಅಮೃತಾ ಪೆನ್ನಿನ ಮುಚ್ಚಳ ಹಾಕಿದಳು. ಓದಿದಳು. ಹೊಡೆದುಹಾಕೋಣ ಎನಿಸಿತು. ಹೊಡೆದುಹಾಕಲಿಲ್ಲ.

ಬಿ.ಎ. ಪಾಸಾದ ಹುಡುಗಿ, ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುವವಳು... ತನ್ನ ಮನೆಯ ಕಂಪ್ಯೂಟರನ್ನು ತಾನೇ ಕೆಡಿಸುತ್ತಾಳೆ ಎಂದರೆ ಕುಷ್ಟಗಿಯಲ್ಲಿ ಯಾರು ನಂಬುತ್ತಾರೆ?

ಎಲ್ಲ ಶುರುವಾದದ್ದು ಎರಡು ಸಾವಿರದ ಎಂಟರ ದಸರೆಯ ಖಂಡೇಪೂಜೆಯಿಂದ.

ಅವತ್ತು ಅವ್ವ ಶಿವಲಿಂಗಮ್ಮ ಅಪ್ಪನ ಸ್ಕೂಟರು, ಹೊಲಿಗೆ ಯಂತ್ರ, ಪಡಸಾಲೆಯ ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದು ಭಕ್ತಿಯಿಂದ ಕಾಯಿನೀರು ಚಿಮುಕಿಸಿದಳು. ಸ್ಕೂಟರು ಸುಮ್ಮನಿತ್ತು. ಹೊಲಿಗೆ ಯಂತ್ರ ಸುಮ್ಮನಿತ್ತು. ಕಂಪ್ಯೂಟರು 'ಚಟ್' ಎಂದು ಆರಿಹೋಯಿತು!

ಮರುದಿನ ಬಸ್‌ಸ್ಟ್ಯಾಂಡ್ ಹತ್ತಿರದ ಮೌಲಾಹುಸೇನ ಚಾಚಾನ ಅಂಗಡಿಯಿಂದ ರಿಪೇರಿಗೆ ಬಂದವನು ವಿರುಪಾಕ್ಷಿ. ಹನುಮಸಾಗರದವನು. ತೆಳ್ಳಗೆ, ಎತ್ತರಕ್ಕೆ, ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನಿಂದ ಒಂದು ಚೆಂಡುಹೂವಿನ ಎಸಳನ್ನು ಎರಡು ಬೆರಳಲ್ಲಿ ಎತ್ತಿದ.

"ಅವ್ವಾರ, ದೇವರು ಒಳಗ ಹೋಗಿ ಕುಂತಾನ್ರಿ. ಅದಕ್ಕ ಇದು ಮೌನ ಹಿಡದೈತಿ!"

ಬಾಗಿಲ ಮರೆಯಲ್ಲಿದ್ದ ಅಮೃತಾಳಿಗೆ ನಗು ತಡೆಯಲಾಗಲಿಲ್ಲ. ಕಿಸಕ್ಕನೆ ನಕ್ಕುಬಿಟ್ಟಳು. ಅವನು ತಿರುಗಿ ನೋಡಿದ.

ಒಂದೇ ಕ್ಷಣ... ಯಾವ ಕಡೆ ನೋಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಅಕ್ಕಾರ, ಪೆನ್ಸಿಲ್ ಅಳಸೋ ರಬ್ಬರ್ ಇದ್ರ ಕೊಡ್ರಿ."

ರಬ್ಬರು ತಂದುಕೊಟ್ಟಳು. ಅವನು ಎರಡು ಬಿಳಿ ಕೊಂಡಿ ಒತ್ತಿ ಒಂದು ಉದ್ದನೆಯ ಹಸಿರು ಪಟ್ಟಿ ಹೊರಗೆ ತೆಗೆದ.

"ಇದು ರ‍್ಯಾಮ್. ಮಷೀನಿನ ನೆನಪು ಇದ್ದಂಗ. ಈ ಬಂಗಾರದ ಬಣ್ಣದ ಹಲ್ಲಿಗೆ ಹೊಲಸು ಹತ್ತಿದ್ರ ಬರೇ ಬೀಪ್ ಅಂತೈತಿ, ಚಾಲೂ ಆಗಂಗಿಲ್ಲ. ಹಗೂರಕ ತಿಕ್ಕಬೇಕು... ಹಿಂಗ. ಮ್ಯಾಲೆ ಒತ್ತಿ ಕೂಡಿಸಿದ್ರ ಕೊಂಡಿ ತಾವ ಬಂದು ಹಿಡಕೊಳ್ತಾವ."

ಟಕ್. ಟಕ್. ಒಣಗಿಸಿ, ತಿಕ್ಕಿ, ಕೂಡಿಸಿದ ಮೇಲೆ ಪರದೆ ಬೆಳಗಿತು.

ಆ ಕಂಪ್ಯೂಟರು ಅಮೃತಾಳಿಗೆ ಬರೀ ಯಂತ್ರವಲ್ಲ. ಕೊಪ್ಪಳದಲ್ಲಿ ಅವಳಿಗೆ ಬಿ.ಎಡ್. ಸೀಟು ಸಿಕ್ಕಿತ್ತು. ತಹಸೀಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಶರಣಬಸಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು.

"ದಿನಾ ಬಸ್ಸಿನ್ಯಾಗ ಹೋಗಿ ಬರೂದು ಬ್ಯಾಡವಾ. ಮನ್ಯಾಗ ಕಂಪ್ಯೂಟರ್ ಐತೆಲ್ಲ, ಕುಂತು ಕಲಿ."

ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳಿದ್ದರು. ಅದೇ ಕಷ್ಟ! ಸಿಟ್ಟಿಗಾದರೆ ಎದುರಾಡಬಹುದಿತ್ತು.

ಬೆಳಿಗ್ಗೆ ಎಂಟಕ್ಕೆ ಬೀದಿಯ ತುದಿಯಲ್ಲಿ ಕಂಡಕ್ಟರು "ಕೊಪ್ಪಳ, ಕೊಪ್ಪಳ, ಕೊಪ್ಪಳ" ಎಂದು ಕೂಗುತ್ತಿದ್ದ. ಅಮೃತಾ ಕಿಟಕಿಯ ಸರಳು ಹಿಡಿದು ಬಸ್ಸು ಹೊರಡುವ ತನಕ ನಿಂತಿದ್ದು, ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಯಾರಿಗೂ ಕಳಿಸಬೇಕಿಲ್ಲದ ಪತ್ರಗಳನ್ನು ಟೈಪ್ ಮಾಡುತ್ತಿದ್ದಳು.

ಎರಡನೆಯ ಸಲ ವಿರುಪಾಕ್ಷಿ ಬಂದದ್ದು ತಾರೀಖಿನ ತೊಂದರೆಗೆ. ಯಾವಾಗ ಹಚ್ಚಿದರೂ ಎರಡು ಸಾವಿರದ ಎರಡರ ಜನವರಿ ಒಂದು!

"ಒಳಗೊಂದು ಗುಂಡು ಸೆಲ್ ಐತ್ರಿ. ಮುಗದೈತಿ. ಕರೆಂಟ್ ತಗದ್ರ ಎಲ್ಲಾ ಮರತು ಮತ್ತ ಅದ ದಿನಕ್ಕ ಬಂದು ನಿಂದರತೈತಿ."

'ನಾನೂ ಅಷ್ಟೇ...' ಎಂದುಕೊಂಡಳು ಅಮೃತಾ.

ಸೆಲ್ ಬದಲಿಸುತ್ತಾ ಅವನು ಕಲಿಸಿದ. ಪೆನ್‌ಡ್ರೈವ್ ಹಾಕಿದ ಕೂಡಲೇ ತೆರೆಯಬಾರದು, ಮೊದಲು ವೈರಸ್ ನೋಡಬೇಕು. ಬೇಡದ ಪ್ರೋಗ್ರಾಂ ತೆಗೆದರೆ ಹಳೇ ಮಷೀನು ಹಗುರಾಗುತ್ತದೆ. ತಿಂಗಳಿಗೊಮ್ಮೆ ಫ್ಯಾನಿನ ಧೂಳು ಬ್ರಶ್ಶಿನಿಂದ ಝಾಡಿಸಬೇಕು. ಅವಳು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡಳು. ಜೊತೆಗೆ ಇದನ್ನೂ:

'ಅಪ್ಪನಿಗೆ ಸರ್ ಅಂತಾರೆ, ಅವ್ವನಿಗೆ ಅವ್ವಾರ ಅಂತಾರೆ. ನನಗೆ ಮೊದಲ ದಿನ ಅಕ್ಕಾರ ಅಂದರು. ಇವತ್ತು ಏನೂ ಅನ್ನಲಿಲ್ಲ. ಯಾಕೆ?'

ಆ ಮೇಲೆ ಕಂಪ್ಯೂಟರು ಎರಡು ತಿಂಗಳು ಕೆಡಲೇ ಇಲ್ಲ. ಕಲಿತದ್ದನ್ನೆಲ್ಲ ಅವಳೇ ಅಷ್ಟು ಚೆಂದ ಮಾಡುತ್ತಿದ್ದಳು! ಮನೆಗೆ ಹಾಲಿನವನ ಹೊರತು ಯಾರೂ ಬರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ, ಹೊಲಿಗೆ ಯಂತ್ರದ ತಿರುಪುಳಿಯಿಂದ ಡಬ್ಬಿ ಬಿಚ್ಚಿ, ಎರಡು ಬಿಳಿ ಕೊಂಡಿ ಒತ್ತಿಬಿಟ್ಟಳು. ಬೀಪ್... ಬೀಪ್...

ವಿರುಪಾಕ್ಷಿ ಬಂದ. ತೆರೆದುಕೊಂಡಿದ್ದ ಕೊಂಡಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವಳನ್ನು ನೋಡಿದ. ಅವಳು ಚಹಾದ ಬಸಿಯನ್ನು ಮೇಜಿನ ಮೇಲಿಟ್ಟು ಬಾಗಿಲ ಮರೆಗೆ ಸರಿದಳು.

"ಏನಾಗೇತಪಾ?" ಎಂದರು ಅಪ್ಪ.

"ಹಳೇದಾಗೇತ್ರಿ ಸರ್. ಸಡಲಾಗತಾವ."

ಹದಿನೈದು ದಿನಕ್ಕೆ ಮತ್ತೆ. ಮತ್ತೆ ಅದೇ ಉತ್ತರ. ಇಂದಿಗೆ ಮೂರು.

ಡೈರಿ ಮುಚ್ಚಿಟ್ಟು ಹೊರಗೆ ಬರುವಷ್ಟರಲ್ಲಿ ಅಪ್ಪ ಕಂಪ್ಯೂಟರ್ ಹಚ್ಚಿದ್ದರು. ಬೀಪ್ ಕೇಳಿ ಅವರ ಮುಖ ಕೆಂಪಾಯಿತು.

"ಮತ್ತ! ಆಫೀಸಿನ್ಯಾಗ ಎಲ್ಲಾರೂ ಅಂದ್ರು, ಇವ ಬೇಕಂತನ ಅರ್ಧಾಮರ್ಧಾ ಮಾಡಿ ಹೋಗ್ತಾನ, ಮತ್ತ ಕರೀಲಿ ಅಂತ. ನಂಬಿ ಮನ್ಯಾಗ ಬಿಟ್ಕೊಂಡ್ರ ಮೋಸ ಮಾಡ್ತಾನ!"

"ಹಂಗ ಅನಬ್ಯಾಡ್ರಿ, ಪಾಪ. ಒಂದು ಮಾತಿಗೆ ಹುಡುಗನ ಕೆಲಸ ಹೋಗತೈತಿ," ಎಂದಳು ಅವ್ವ.

"ಹೋಗ್ಲಿ!"

ಅಪ್ಪ ಫೋನ್ ಎತ್ತಿದರು. "ಮೌಲಾಹುಸೇನ, ಬೆಳಿಗ್ಗೆ ನೀನ ಬಾ. ಅವನ್ನೂ ಕರಕೊಂಡು ಬಾ."

ಅಮೃತಾ ಅಡುಗೆಮನೆಗೆ ಸರಿದಳು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಅವನ ಅನ್ನ ಹೋಗುತ್ತದೆ. ಈ ಗೋಡೆಗಳ ನಡುವೆ ಸುಮ್ಮನಿರುವುದೊಂದನ್ನೇ ಕಲಿತವಳು... ಈಗ ಯಾವ ಬಾಯಿಂದ ಮಾತಾಡಬೇಕು?

ಬೆಳಿಗ್ಗೆ ಇಬ್ಬರೂ ಬಂದರು. ವಿರುಪಾಕ್ಷಿ ಚಪ್ಪಲಿ ಬಿಟ್ಟು ಹೊಸ್ತಿಲ ಒಳಗೆ ಗೋಡೆಗೆ ಆತು ನಿಂತ.

"ರೇಡಿಯೋ ರಿಪೇರಿ ಕಾಲದಿಂದ ಅಂಗಡಿ ಇಟ್ಟೇನಿ," ಎಂದ ಮೌಲಾಹುಸೇನ ಚಾಚಾ. ಅವನ ದನಿ ಸಣ್ಣದಾಗಿತ್ತು. "ಇಂಥ ಮಾತು ಒಂದೂ ಬಂದಿದ್ದಿಲ್ಲ. ಖರೇ ಹೇಳು ಬೇಟಾ. ನೀ ಕೆಡಿಸೀಯೇನು?"

ವಿರುಪಾಕ್ಷಿ ತಲೆಯೆತ್ತಿದ. ಬಾಗಿಲ ಮರೆಯಲ್ಲಿ ಅಮೃತಾಳ ಸೀರೆಯ ಅಂಚು ಕಂಡಿತು.

"ನಂದ ತಪ್ಪು ಚಾಚಾ. ನಾನ ಸರಿ ಕೂಡಿಸಿದ್ದಿಲ್ಲ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಚಾಚಾ ಕಣ್ಣು ಮುಚ್ಚಿದ. "ಹಂಗಾದ್ರ ನಾಳಿಂದ ಅಂಗಡಿಗೆ ಬರಬ್ಯಾಡ."

ಅಮೃತಾಳ ಕಾಲುಗಳು ಅವಳನ್ನು ಕೇಳದೆಯೇ ಪಡಸಾಲೆಗೆ ನಡೆದವು.

ಯಾರ ಮುಖವನ್ನೂ ನೋಡಲಿಲ್ಲ. ಹೊಲಿಗೆ ಯಂತ್ರದ ಖಾನೆಯಿಂದ ತಿರುಪುಳಿ, ರಬ್ಬರು ತೆಗೆದಳು. ಡಬ್ಬಿ ಬಿಚ್ಚಿದಳು. ರ‍್ಯಾಮ್ ತೆಗೆದು ರಬ್ಬರಿನಿಂದ ತಿಕ್ಕಿ, ಊದಿ, ಒತ್ತಿ ಕೂಡಿಸಿದಳು. ಟಕ್. ಟಕ್. ಗುಂಡಿ ಒತ್ತಿದಳು.

ಪರದೆ ಬೆಳಗಿತು.

ಅಪ್ಪ ಬೆರಗಾದರು. "ಯವ್ವಾ... ನಿನಗ ಇಷ್ಟೆಲ್ಲಾ ಬರತಿತ್ತು ಅಂದ್ರ, ಇವನ್ನ ಯಾಕ ಕರಸ್ತಿದ್ವಿ ನಾವು?"

ಚಾಚಾ ಬಗ್ಗಿ ಡಬ್ಬಿಯೊಳಗೆ ಇಣುಕಿದ. ಕೊಂಡಿಗಳನ್ನು ಬೆರಳಿನಿಂದ ಜಗ್ಗಿ ನೋಡಿದ.

"ಗಟ್ಟಿ ಅದಾವ್ರಿ ಸರ್. ತಾವಾಗೇ ಬಿಚ್ಚಂಗಿಲ್ಲ. ಯಾರರ ಬಿಚ್ಚಬೇಕು." ನಿಧಾನವಾಗಿ ವಿರುಪಾಕ್ಷಿಯ ಕಡೆ ತಿರುಗಿದ. "ನಿನಗಿದು ಗೊತ್ತಿತ್ತು ಹೌದಿಲ್ಲ?"

"...ಮೊದಲನೇ ಸಲಾನ ಗೊತ್ತಾತು ಚಾಚಾ."

"ಮತ್ತ ಹೇಳಬೇಕಿಲ್ಲೇನು ಹುಚ್ಚಪ್ಪಾ!"

ವಿರುಪಾಕ್ಷಿ ನೆಲ ನೋಡಿದ. ಕಿವಿಯ ತುದಿ ಕೆಂಪಾಗಿತ್ತು.

"ಹೇಳಿದ್ರ... ಮತ್ತ ಕೆಡತಿದ್ದಿಲ್ಲ."

ಚಾಚಾ ಕೆಮ್ಮಿ ಮುಖ ಆ ಕಡೆ ಮಾಡಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ, ಅಳುವೋ ತಿಳಿಯಲಿಲ್ಲ.

ಅಪ್ಪ ಮಾತ್ರ ಮಗಳನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಯಾರನ್ನೋ ಈಗ ಮೊದಲ ಸಲ ನೋಡಿದಂತಿತ್ತು.

"ನೀ ಹೇಳವಾ. ಯಾಕ ಬಿಚ್ಚಿದಿ?"

"ಅಮೃತಾ ಅವರ..." ವಿರುಪಾಕ್ಷಿ ಒಂದು ಹೆಜ್ಜೆ ಮುಂದೆ ಬಂದ. "ನೀವೇನೂ ಹೇಳಬ್ಯಾಡ್ರಿ. ನನ್ನ ಮ್ಯಾಲೆ ಇರ್ಲಿ."

ಅಮೃತಾ ಅವರ! ಕರೆಯಲು ಏನೂ ಸಿಗದೆ ಇಷ್ಟು ದಿನ ಸುಮ್ಮನಿದ್ದವನು, ಇವತ್ತು ಎಲ್ಲರ ಎದುರು ಹೆಸರು ಹಿಡಿದು ಕರೆದಿದ್ದ...

ಬೀದಿಯ ತುದಿಯಲ್ಲಿ ಎಂಟರ ಬಸ್ಸು ಕೂಗಿತು. ಇವತ್ತು ಅವಳು ಕಿಟಕಿಯ ಕಡೆ ತಿರುಗಲಿಲ್ಲ. ತಿರುಪುಳಿಯನ್ನು ಮೇಜಿನ ಮೇಲಿಟ್ಟಳು.

"ಇಲ್ರಿ. ಹೇಳ್ತೀನಿ," ಎಂದಳು ಅವನಿಗೆ.

ಆಮೇಲೆ ಅಪ್ಪನ ಕಣ್ಣಲ್ಲಿ ಕಣ್ಣಿಟ್ಟಳು.

"ಇವರು ಬರ್ಲಿ ಅಂತ ಬಿಚ್ಚಿದ್ನೆಪಾ."