ಅತ್ತೆಮ್ಮನ ಅಡ್ಡಹೆಜ್ಜೆ

ಸವಾರಿ ಕಲಿಯಲು ಬಂದ ಮೊದಲ ದಿನವೇ ಹಲ್ಲಿನ ಡಾಕ್ಟರಮ್ಮ ಕುದುರೆ ಸಮೇತ ಹೋಗಿ ಸವಾರಿ ಮೇಷ್ಟ್ರನ್ನು ಬೇಲಿಗೆ ಒತ್ತಿ ನಿಲ್ಲಿಸಿಬಿಟ್ಟಳು.

ಮೈದಾನದಲ್ಲಿ ಬೇಕಾದಷ್ಟು ಜಾಗವಿತ್ತು. ಆದರೂ ಕುದುರೆ ಹುಡುಕಿಕೊಂಡು ಹೋದದ್ದು ಅವನನ್ನೇ. ಅದರ ಹೊಟ್ಟೆಗೂ ಮರದ ಬೇಲಿಗೂ ನಡುವೆ ಸಿಕ್ಕಿಕೊಂಡವನು ಮುಖವೆತ್ತಿ ಕೇಳಿದ: "ನೀವು ಇಳೀತೀರಾ, ಇಲ್ಲಾ ನಾನೇ ಹತ್ತಬೇಕಾ?"

ಅವಳು ಇಳಿಯುವುದನ್ನೇ ಮರೆತಳು. ಅಯ್ಯೋ... ಎಷ್ಟು ಚೆಂದದ ಕಣ್ಣು! ದಿನವಿಡೀ ಕಂಡವರ ಬಾಯೊಳಗೆ ಇಣುಕುವವಳಿಗೆ ಕಣ್ಣು ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

ಆ ಹೆಣ್ಣು ಕುದುರೆಗೆ ಲಾಯದವರೆಲ್ಲ ಸೇರಿ ಇಟ್ಟ ಹೆಸರು ಅತ್ತೆಮ್ಮ. ಯಾರು ಬೆನ್ನೇರಿದರೂ ಏನಾದರೊಂದು ಕೊಂಕು ತೆಗೆಯುತ್ತಿತ್ತು.

ಮೂರು ತಿಂಗಳು ಕಳೆಯಿತು. ನಡಿಗೆಯಿಂದ ಕುಕ್ಕುಲೋಟಕ್ಕೆ ಏರಿಸುವುದು, ಮತ್ತೆ ನಡಿಗೆಗೆ ಇಳಿಸುವುದು ಡಾಕ್ಟರಮ್ಮನಿಗೆ ಒಲಿಯಿತು. ತೊಡಕು ಅಡ್ಡಹೆಜ್ಜೆಯದು. ಒಂದು ಕಡೆಯ ಕಾಲಿನಿಂದ ಮೆಲ್ಲಗೆ ಒತ್ತಿದರೆ ಕುದುರೆ ಇನ್ನೊಂದು ಕಡೆಗೆ ಓರೆಯಾಗಿ ಸರಿಯಬೇಕು. ಅತ್ತೆಮ್ಮ ಸರಿಯುತ್ತಿತ್ತು, ಆದರೆ ಮೇಷ್ಟ್ರು ನಿಂತ ಕಡೆಗೆ. ಅವನು ಗೇಟಿನ ಬಳಿ ನಿಂತರೆ ಗೇಟಿಗೆ, ನೀರಿನ ತೊಟ್ಟಿಯ ಬಳಿ ನಿಂತರೆ ತೊಟ್ಟಿಗೆ.

"ನಿಮ್ಮ ಬಲಗಾಲು ಬಿಗಿ," ಎಂದು ತೀರ್ಪು ಕೊಟ್ಟ ಮೇಷ್ಟ್ರು ವ್ಯಾಯಾಮ ಹೇಳಿಕೊಟ್ಟ. ಅವಳು ಕ್ಲಿನಿಕ್ಕಿನಲ್ಲಿ ಒಂಟಿಕಾಲಲ್ಲಿ ನಿಂತು ಹಲ್ಲು ಕಿತ್ತಳು. ರೋಗಿಗಳು ಹೆದರಿದರು, ಕುದುರೆ ಮಾತ್ರ ಬದಲಾಗಲಿಲ್ಲ.

ಕಾರಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸವಾರರ ಕಣ್ಣು ಹೋದತ್ತ ಭುಜ ತಿರುಗುತ್ತದೆ, ಸೊಂಟ ತಿರುಗುತ್ತದೆ, ಕುದುರೆಯೂ ಅತ್ತಲೇ ಹೋಗುತ್ತದೆ. ಇದನ್ನು ಮೊದಲ ವಾರವೇ ಕಲಿಸಿದವನು ಅವನೇ. ಅವಳ ಕಣ್ಣು ಎತ್ತ ಹೋಗುತ್ತಿದೆ ಎನ್ನುವುದು ಅವನೊಬ್ಬನನ್ನು ಬಿಟ್ಟು ಲಾಯಕ್ಕೆಲ್ಲ ತಿಳಿದಿತ್ತು. ಹೇಳಿಬಿಡಲಾ... ಎಂದುಕೊಳ್ಳುತ್ತಿದ್ದಳು. ಊರವರ ಬಾಯಿ ತೆರೆಸುವವಳಿಗೆ ತನ್ನ ಬಾಯಿ ತೆರೆಯಲು ಆಗುತ್ತಿರಲಿಲ್ಲ.

ಒಂದು ಶನಿವಾರ ಮೇಷ್ಟ್ರು ತಲೆ ತಗ್ಗಿಸಿಕೊಂಡು ಬಂದ. ತನ್ನ ಪಾಠ ಅವಳಿಗೆ ಹತ್ತುತ್ತಿಲ್ಲ, ಸೋಮವಾರದಿಂದ ಲಾಯದ ಒಡತಿಯಾದ ತನ್ನ ದೊಡ್ಡಮ್ಮನ ಹತ್ತಿರ ಕಲಿಯಲಿ ಎಂದ.

ದೊಡ್ಡಮ್ಮನ ಪಾಠ ಬೆಳಿಗ್ಗೆ, ಅವನು ಬರುವುದು ಸಂಜೆ. ಅಂದರೆ ಇನ್ನು ಅವನ ಮುಖವೂ ಕಾಣಿಸುವುದಿಲ್ಲ... ನನ್ನ ಕಾಟ ತಪ್ಪಿದರೆ ಸಾಕಾಗಿದೆ ಇವನಿಗೆ, ಎಂದುಕೊಂಡವಳು ಹೆಲ್ಮೆಟ್ ತೆಗೆಯದೆಯೇ ಬಿಕ್ಕಿ ಬಿಕ್ಕಿ ಅತ್ತಳು.

ದೊಡ್ಡಮ್ಮನ ಪಾಠದಲ್ಲಿ ಅತ್ತೆಮ್ಮ ಹೇಳಿದ ಕಡೆಗೆ ಹೇಳಿದಷ್ಟೇ ಸರಿಯಿತು. ಆರನೆಯ ದಿನ ಬೆಳಿಗ್ಗೆಯೇ ಬಂದ ಮೇಷ್ಟ್ರು ಮರೆಯಲ್ಲಿ ನಿಂತು ಅದನ್ನು ಕಂಡು ಪೆಚ್ಚಾದ. ತಪ್ಪೆಲ್ಲ ತನ್ನದೇ, ತನಗೆ ಕಲಿಸಲು ಬರುವುದಿಲ್ಲ ಎಂದು ದೊಡ್ಡಮ್ಮನ ಮುಂದೆ ಒಪ್ಪಿಕೊಂಡ.

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕಲಿಸೋದು ಬಿಡು, ನಿನಗಾದ್ರೂ ಬರುತ್ತೇನೋ? ಹತ್ತು, ತೋರಿಸು."

ಡಾಕ್ಟರಮ್ಮನನ್ನು ಇಳಿಸಿ ಬೇಲಿಯ ಬಳಿ ನಿಲ್ಲಿಸಿದಳು.

ಅವನು ಹತ್ತಿದ. ನಡಿಗೆ, ಕುಕ್ಕುಲೋಟ, ಮತ್ತೆ ನಡಿಗೆ, ಎಲ್ಲ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಆಮೇಲೆ ಅಡ್ಡಹೆಜ್ಜೆಗೆಂದು ಕಾಲು ಒತ್ತಿದ. ಬೇಲಿಯಿಂದ ದೂರ ಸರಿಯಬೇಕಿದ್ದ ಅತ್ತೆಮ್ಮ ಬೇಲಿಯತ್ತಲೇ ಸರಿಯಿತು. ಎರಡನೆಯ ಸಲವೂ ಅದೇ ಕಥೆ. ಮೂರನೆಯ ಸಲ ನೆಟ್ಟಗೆ ಬಂದು ಡಾಕ್ಟರಮ್ಮನ ಹೆಗಲ ಮೇಲೆ ಮೂತಿಯಿಟ್ಟು ನಿಂತುಬಿಟ್ಟಿತು.

ಹದಿನಾಲ್ಕು ವರ್ಷದಿಂದ ಸವಾರಿ ಮಾಡುತ್ತಿದ್ದವನ ಕಿವಿ ಕೆಂಪಾಯಿತು.

"ಇವನಿಗೂ ಬಲಗಾಲು ಬಿಗಿ ಕಣಮ್ಮ," ಎಂದ ದೊಡ್ಡಮ್ಮ ಹುಲ್ಲಿನ ಲೆಕ್ಕ ನೋಡುವ ನೆಪ ಹೇಳಿ ಒಳಗೆ ಹೋದಳು.

ಹಾಗಾದರೆ... ಇವನೂ ನನ್ನನ್ನೇ... ಡಾಕ್ಟರಮ್ಮ ಹೆಗಲ ಮೇಲಿನ ಮೂತಿ ಸರಿಸಿ ಅವನತ್ತ ನೋಡಿದಳು.

"ಡಾಕ್ಟ್ರೇ," ಅವನು ತಡವರಿಸಿದ, "ನಿಮ್ಮ ಮುಖ ನೋಡಿದ್ರೆ ಪಾಠ ಮರ್ತುಹೋಗುತ್ತೆ ಅಂತ ಮೂರು ತಿಂಗಳು ಬರೀ ನಿಮ್ಮ ಕಾಲೇ ನೋಡ್ಕೊಂಡಿದ್ದೆ. ಅದಕ್ಕೇ ನೀವೆಲ್ಲಿ ನೋಡ್ತಿದ್ರಿ ಅಂತ ಗೊತ್ತಾಗ್ಲಿಲ್ಲ."

"ನಿಮ್ಮನ್ನೇ," ಎಂದಳು ಅವಳು. "ಮೊದಲನೇ ದಿನದಿಂದ."

ಅವನು ಇಳಿದು ಅವಳೆದುರು ನಿಂತ. "ಮತ್ತೆ ನನ್ನ ಹತ್ರಾನೇ ಬರ್ತೀರಾ? ಸವಾರಿ ಕಲಿಯೋದು ಮಾತ್ರ ಆಗಲ್ಲ."

"ಸವಾರಿ ಬೆಳಿಗ್ಗೆ ದೊಡ್ಡಮ್ಮನ ಹತ್ರ ಕಲೀತೀನಿ," ಎಂದು ಅವಳು ಅವನ ಕೈ ಹಿಡಿದಳು. "ಸಂಜೆ ನಿಮ್ಮ ಹತ್ರ ಬರ್ತೀನಿ, ಕುದುರೆ ಇಲ್ದೆ."