ಹೊಗೆ ಬಂದ ದಾರಿ

"ಇವತ್ತೂ ಗ್ರೌಂಡಿಗೆ ಹೋಗೋ ಹಾಗಿಲ್ಲ" ಎಂದರು ಮಿಸ್, ಕೊನೆಯ ಕಿಟಕಿಯನ್ನೂ ಎಳೆದು ಮುಚ್ಚುತ್ತಾ.

ಇಡೀ ಕ್ಲಾಸು "ಅಯ್ಯೋ!" ಎಂದಿತು. ಹೊರಗೆ ಎಲ್ಲವೂ ಮಸುಕು. ಮೈದಾನದ ಆಚೆ ತುದಿಯ ಗೋಲ್‌ಪೋಸ್ಟ್ ಮಾಯವಾಗಿತ್ತು. ಎಲ್ಲರ ಗಂಟಲೂ ಕೆರೆಯುತ್ತಿತ್ತು.

"ಎಲ್ಲಾ ಆ ಬೇಕರಿ ಕೆಲಸ" ಎಂದ ಹಿಂದಿನ ಬೆಂಚಿನ ಲಂಬು. "ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಬೇಕರಿ ನಮ್ಮ ಕಾಂಪೌಂಡಿಗೇ ಅಂಟಿಕೊಂಡಿದೆ. ಅಷ್ಟು ದೊಡ್ಡ ಸೌದೆ ಒಲೆ ಬೇರೆ!"

ಎಲ್ಲರೂ ಬನ್ನು ಕಡೆ ತಿರುಗಿದರು. ಬೇಕರಿ ಅವಳ ಅಪ್ಪನದು. ಅವಳಿಗೆ ಆ ಹೆಸರು ಬಂದಿದ್ದೂ ಅದಕ್ಕೇ.

"ನಮ್ಮ ಒಲೆ ದಿನಾ ಉರಿಯುತ್ತೆ. ದಿನಾ ಹೀಗಾಗುತ್ತಾ?" ಎಂದಳು ಬನ್ನು.

ಅವಳ ಪಕ್ಕದಲ್ಲೇ ಗಿರಗಿಟ್ಲೆ ಕೂತಿದ್ದಳು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ. ಆಟವಿಲ್ಲದೆ ಅವಳಿಗೆ ತಲೆ ಕೆಟ್ಟುಹೋಗಿತ್ತು. ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು.

"ನಮ್ಮಮ್ಮ ಗಾಳಿ ಪರೀಕ್ಷೆ ಮಾಡೋ ಆಫೀಸಲ್ಲೇ ಇರೋದು. ನಂಗೊತ್ತು, ಇದು ಸೌದೆ ಹೊಗೆನೇ. ಬೇಕಾದ್ರೆ ಮೂಸಿ ನೋಡಿ!" ಎಂದುಬಿಟ್ಟಳು.

"ನೋಡಿದ್ರಾ? ಅವರಮ್ಮನೇ ಹೇಳಿದ್ದಾರಂತೆ!" ಎಂದ ಲಂಬು.

ಅಮ್ಮ ಹಾಗೇನೂ ಹೇಳಿರಲಿಲ್ಲ. ಆದರೆ ಎಲ್ಲರೂ ಗಿರಗಿಟ್ಲೆಯನ್ನು ದೊಡ್ಡ ವಿಜ್ಞಾನಿಯ ಹಾಗೆ ನೋಡುತ್ತಿದ್ದರು. ಅವಳು ಅದನ್ನು ತಿದ್ದಲು ಹೋಗಲಿಲ್ಲ. ಬನ್ನು ಬೆಂಚಿನ ಇನ್ನೊಂದು ತುದಿಗೆ ಸರಿದಳು.

ಶಾಲೆ ಬಿಡುವಷ್ಟರಲ್ಲಿ ಆ ಮಾತಿಗೆ ರೆಕ್ಕೆಪುಕ್ಕ ಬಂದಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರು ಗೇಟಿನ ಹತ್ತಿರ, "ಗಾಳಿ ಆಫೀಸಿನವರೇ ಹೇಳಿದ್ದಾರಂತೆ, ಬೇಕರಿಯಿಂದ ಅಂತ" ಎಂದು ಮಾತಾಡಿಕೊಳ್ಳುತ್ತಿದ್ದರು. ಒಂದಿಬ್ಬರು ಸೀದಾ ಬೇಕರಿಗೇ ಹೋದರು.

ಮರುದಿನ ಬೇಕರಿಯ ಚಿಮಣಿ ತಣ್ಣಗಿತ್ತು. ಶಟರ್ ಅರ್ಧ ಇಳಿದಿತ್ತು. "ಮಕ್ಕಳು ಕೆಮ್ಮೋದಾದ್ರೆ ಈ ಬೆಂಕಿನೇ ಬೇಡ" ಎಂದು ಬನ್ನು ಅಪ್ಪ ತಾವೇ ಒಲೆ ಆರಿಸಿದ್ದರು. ಕ್ಲಾಸಿನಲ್ಲಿ ಬನ್ನು ಬೇರೆ ಬೆಂಚಿಗೆ ಹೋಗಿ ಕೂತಳು.

ಆದರೆ ಹೊಗೆ? ಅದು ನಿನ್ನೆಗಿಂತ ದಟ್ಟವಾಗಿತ್ತು! ಗೋಲ್‌ಪೋಸ್ಟ್ ಹಾಗಿರಲಿ, ಮೈದಾನದ ನಡುವಿನ ಮರವೂ ಸರಿಯಾಗಿ ಕಾಣುತ್ತಿರಲಿಲ್ಲ. ಗಿರಗಿಟ್ಲೆ ಬನ್ನು ಕೂತ ಬೆಂಚಿನ ಕಡೆ ಮತ್ತೆ ಮತ್ತೆ ತಿರುಗಿ ನೋಡಿದಳು.

ಸಂಜೆ ಅವಳು ಮಾಸ್ಕ್ ಹಾಕಿಕೊಂಡು ಅಮ್ಮನ ಆಫೀಸಿಗೆ ಹೋದಳು. ಅಮ್ಮ ಫೋನಿನಲ್ಲಿದ್ದರು.

"ಇನ್ನೂ ಗೊತ್ತಿಲ್ಲ ಸರ್. ಧೂಳೋ, ಹೊಗೆಯೋ, ಎಲ್ಲಿಂದ ಬಂತೋ, ಪೂರ್ತಿ ನೋಡದೆ ಹೇಗೆ ಹೇಳಲಿ? ಹೌದು ಸರ್, ನನಗೂ ಅರ್ಜೆಂಟೇ."

ಗಿರಗಿಟ್ಲೆ ಕಣ್ಣರಳಿಸಿದಳು. "ಅಮ್ಮಾ, ನಿಂಗೂ ಗೊತ್ತಿಲ್ವಾ?"

"ನೋಡಿದ್ರೆ ತಾನೇ ಗೊತ್ತಾಗೋದು? ಬಾ, ಈಗ ಅದನ್ನೇ ನೋಡ್ತಿದ್ದೀನಿ."

ಮೇಜಿನ ಮೇಲೆ ರೊಟ್ಟಿಯಂತೆ ದುಂಡಗಿನ ಎರಡು ಫಿಲ್ಟರ್ ಪೇಪರ್ ಇದ್ದವು. ತಾರಸಿಯ ಮೇಲಿನ ಯಂತ್ರ ಗಾಳಿಯನ್ನು ಈ ಪೇಪರಿನ ಮೂಲಕ ಎಳೆಯುತ್ತದೆ. ಗಾಳಿಯಲ್ಲಿರುವ ಕೊಳೆ ಪೇಪರಿಗೆ ಅಂಟಿಕೊಳ್ಳುತ್ತದೆ.

"ಇದು ಹೋದ ತಿಂಗಳು ಧೂಳುಗಾಳಿ ಬಂತಲ್ಲ, ಆವತ್ತಿನದು" ಎಂದರು ಅಮ್ಮ. ಪೇಪರು ಮಣ್ಣಿನ ಬಣ್ಣಕ್ಕಿತ್ತು. "ಇದು ಇವತ್ತಿನದು."

ಇವತ್ತಿನದು ಕಪ್ಪಗಿತ್ತು, ಕಾವಲಿಯ ತಳದ ಹಾಗೆ.

"ಧೂಳಿನ ಕಣ ದಪ್ಪ. ಹೆಚ್ಚಿನದು ಮೂಗಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಹೊಗೆ ಕಣ ತುಂಬಾ ಸಣ್ಣ, ಎದೆ ಒಳಗೇ ಇಳಿದುಬಿಡುತ್ತೆ. ಈ ಸಲ ಮೀಟರಲ್ಲಿ ಸಣ್ಣ ಕಣಗಳೇ ಜಾಸ್ತಿ. ಅಂದ್ರೆ ಹೊಗೆ ಅಂತಾಯ್ತು."

"ಸೌದೆ ಹೊಗೆನಾ?" ಗಿರಗಿಟ್ಲೆಗೆ ಸ್ವಲ್ಪ ಆಸೆ ಬಂತು.

"ಮರ ಸುಟ್ಟ ಹೊಗೆನೇ. ಆದ್ರೆ ಎಲ್ಲಿಯ ಮರ?" ಅಮ್ಮ ಕಂಪ್ಯೂಟರಿನಲ್ಲಿ ಊರಿನ ಮ್ಯಾಪ್ ತೆಗೆದರು. ಅದರಲ್ಲಿ ಅಲ್ಲಲ್ಲಿ ಚುಕ್ಕಿಗಳಿದ್ದವು. "ಪ್ರತಿ ಚುಕ್ಕಿಯಲ್ಲೂ ನಮ್ಮದೊಂದು ಮೀಟರ್ ಇದೆ. ಹೊಗೆ ಏರಿದ್ರೆ ಚುಕ್ಕಿ ಕೆಂಪಾಗುತ್ತೆ. ಶುರುವಾದ ದಿನದಿಂದ ಓಡಿಸ್ತೀನಿ, ಮೊದಲು ಯಾವುದು ಕೆಂಪಾಗುತ್ತೆ ನೋಡು."

ಬೆಟ್ಟದ ಪಕ್ಕದ ಚುಕ್ಕಿ ಮೊದಲು ಕೆಂಪಾಯಿತು. ಆಮೇಲೆ ಮಾರ್ಕೆಟ್ಟಿನದು. ಆಮೇಲೆ ಬಸ್ ಸ್ಟ್ಯಾಂಡಿನದು. ಶಾಲೆಯ ಹತ್ತಿರದ ಚುಕ್ಕಿ ಎಲ್ಲಕ್ಕಿಂತ ಕೊನೆಗೆ ಕೆಂಪಾಯಿತು. ಯಾರೋ ಬೆಟ್ಟ ಇಳಿದು, ಊರೊಳಗೆ ನಡೆದುಕೊಂಡು ಬಂದ ಹಾಗಿತ್ತು.

ಅಮ್ಮ ಇನ್ನೊಂದು ಚಿತ್ರ ತೆಗೆದರು. ಆಕಾಶದಿಂದ ಉಪಗ್ರಹ ತೆಗೆದ ಫೋಟೋ. ಬೆಟ್ಟದಾಚೆ, ಎಷ್ಟೋ ದೂರದಲ್ಲಿ, ಕಾಡಿನ ಮೇಲಿಂದ ಬೂದಿ ಬಣ್ಣದ ಉದ್ದನೆಯ ಪಟ್ಟಿಯೊಂದು ಹೊರಟಿತ್ತು. ಅದರ ತುದಿ ಸರಿಯಾಗಿ ಅವರ ಊರಿನ ಮೇಲೆ ಬಂದು ಹರಡಿತ್ತು.

"ಕಾಡಿಗೆ ಬೆಂಕಿ ಬಿದ್ದಿದೆ. ಗಾಳಿ ಈ ಕಡೆ ಬೀಸ್ತಾ ಇದೆ. ಈಗ ಧೈರ್ಯವಾಗಿ ಹೇಳಬಹುದು" ಎಂದು ಅಮ್ಮ ಕುರ್ಚಿಗೆ ಒರಗಿದರು.

"ಹಾಗಾದ್ರೆ... ಬೇಕರಿ?"

"ಯಾವ ಬೇಕರಿ?"

"ನಮ್ಮ ಶಾಲೆ ಪಕ್ಕದ್ದು."

"ಅದರದ್ದೂ ಚೂರು ಹೊಗೆ ಇರುತ್ತೆ, ಇಲ್ಲ ಅಂತಲ್ಲ. ಆದ್ರೆ ಅದರಿಂದಲೇ ಆಗಿದ್ರೆ ಶಾಲೆ ಹತ್ತಿರದ ಮೀಟರ್ ಮೊದಲು ಏರಬೇಕಿತ್ತು. ಯಾಕೆ, ಏನಾಯ್ತು?"

ಗಿರಗಿಟ್ಲೆ ಒಂದೊಂದೇ ಮಾತು ಹೇಳಿದಳು. "ನಮ್ಮಮ್ಮ" ಎಂದಿದ್ದನ್ನು ಹೇಳುವಾಗ ಅವಳ ದನಿ ನೆಲಕ್ಕಿಳಿದಿತ್ತು.

ಅಮ್ಮ ಮ್ಯಾಪ್ ಮುಚ್ಚಿ ಫೋನ್ ಕೈಗೆತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗಿರಗಿಟ್ಲೆಗೆ.

"ಬೇಕರಿಯವರಿಗೆ ನಾನು ಫೋನ್ ಮಾಡ್ತೀನಿ. ಶಾಲೆಗೂ ಮಾಡ್ತೀನಿ" ಎಂದರು. "ಆದ್ರೆ ನಿನ್ನ ಪಾಲಿನ ಮಾತು ನಾನು ಆಡೋಕಾಗಲ್ಲ, ಮಗಳೇ."

ಮನೆಗೆ ಹೋಗುವ ದಾರಿಯಲ್ಲಿ ಗಿರಗಿಟ್ಲೆ ಬೇಕರಿಗೆ ಹೋದಳು. ಬನ್ನು ಅಪ್ಪ ಖಾಲಿ ಟ್ರೇ ಒರೆಸುತ್ತಿದ್ದರು.

"ಅಂಕಲ್, ಸಾರಿ. ಅದು ನಿಮ್ಮ ಹೊಗೆ ಅಲ್ಲ. ಕಾಡಿಂದು."

"ನಿಮ್ಮಮ್ಮ ಈಗ ತಾನೇ ಫೋನ್ ಮಾಡಿದ್ರಮ್ಮ. ಹೋಗ್ಲಿ ಬಿಡು. ನಂಗೂ ಎರಡು ಹೊತ್ತು ನಿದ್ದೆ ಸಿಕ್ತು" ಎಂದು ಅವರು ನಕ್ಕರು.

ಅವರ ಹಿಂದೆ ನಿಂತಿದ್ದ ಬನ್ನು ನಗಲಿಲ್ಲ. "ನಿನ್ನೆ ಎಲ್ಲರ ಮುಂದೆ ಜೋರಾಗಿ ಹೇಳಿದೆ. ಸಾರಿ ಮಾತ್ರ ಇಲ್ಲಿ ಬಂದು ಮೆಲ್ಲಗೆ ಹೇಳ್ತಿದ್ದೀಯ" ಎಂದು ಒಳಗೆ ಹೋಗಿಬಿಟ್ಟಳು.

ಮರುದಿನ ಅಟೆಂಡೆನ್ಸ್ ಮುಗಿದ ಕೂಡಲೇ ಗಿರಗಿಟ್ಲೆ ಎದ್ದು ನಿಂತಳು.

"ಮಿಸ್, ಒಂದು ಮಾತು. ಹೊಗೆ ಬೇಕರಿಯದು ಅಂತ ನಮ್ಮಮ್ಮ ಹೇಳಿರಲಿಲ್ಲ. ನಾನೇ ಹೇಳಿದ್ದು. ಅದು ಸುಳ್ಳು."

ಕ್ಲಾಸಿನಲ್ಲಿ ಗುಸುಗುಸು ಎದ್ದಿತು. "ಥೂ, ನಿನ್ನ ನಂಬಿದ್ವಲ್ಲ!" ಎಂದ ಲಂಬು. ಯಾರೋ ಕಿಸಕ್ಕೆಂದರು. ಗಿರಗಿಟ್ಲೆಯ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ. ಬೆಟ್ಟದಿಂದ ಹೊಗೆ ಹೇಗೆ ಬಂತು, ಯಾವ ಮೀಟರ್ ಮೊದಲು ಏರಿತು ಎಂದು ನಿಂತೇ ಎಲ್ಲಾ ಹೇಳಿದಳು.

ಊಟದ ಹೊತ್ತಿಗೆ ಬೆಂಚಿನಲ್ಲಿ ಅವಳೊಬ್ಬಳೇ ಕೂತಿದ್ದಳು. ಬನ್ನು ಡಬ್ಬಿ ಹಿಡಿದುಕೊಂಡು ಬಂದು ಎದುರು ನಿಂತಳು.

"ಆ ಕಾಡು ಇನ್ನೂ ಉರೀತಾ ಇದ್ಯಾ?"

"ಹೂಂ, ಅನ್ಸುತ್ತೆ."

"ಅಲ್ಲಿ ಜನ ಇದ್ದಾರಾ? ಹಕ್ಕಿ, ಜಿಂಕೆ ಎಲ್ಲಾ ಎಲ್ಲಿಗೆ ಹೋಗ್ತವೆ?"

ಗಿರಗಿಟ್ಲೆಗೆ ಆ ಬೂದಿ ಬಣ್ಣದ ಪಟ್ಟಿ ಶುರುವಾದ ಜಾಗ ನೆನಪಾಯಿತು. ಅದರ ತುದಿ ಎಲ್ಲಿಗೆ ಬಂತು ಎಂದಷ್ಟೇ ಅವಳು ನೋಡಿದ್ದಳು. ಅತ್ತ ಕಡೆ ಯಾರಿದ್ದಾರೆ, ಅವರು ಹೇಗೆ ಉಸಿರಾಡುತ್ತಿದ್ದಾರೆ ಎಂಬ ಯೋಚನೆಯೇ ಬಂದಿರಲಿಲ್ಲ.

"ನಾನು ಅದನ್ನ ಕೇಳಲೇ ಇಲ್ಲ" ಎಂದಳು.

"ಸಂಜೆ ನಿಮ್ಮಮ್ಮನ್ನ ಕೇಳೋಣ. ನಾನೂ ಬರ್ತೀನಿ" ಎಂದು ಬನ್ನು ಬೆಂಚಿನ ತುದಿಯಲ್ಲಿ ಕೂತು ಡಬ್ಬಿ ತೆರೆದಳು.

ಮುಚ್ಚಿದ ಕಿಟಕಿಯಾಚೆ ಬೆಟ್ಟ ಇನ್ನೂ ಕಾಣುತ್ತಿರಲಿಲ್ಲ. ಇಬ್ಬರೂ ಅದು ಇರಬೇಕಾದ ಕಡೆಗೇ ನೋಡುತ್ತಾ ಊಟ ಮಾಡಿದರು.