ಮೂವತ್ತು ಹೆಜ್ಜೆ ದೂರ

ಒಳಗೊಳಗೇ ಕೊಳೆಯುವ ಮರಕ್ಕೆ ಒಂದು ವಾಸನೆಯಿರುತ್ತದೆ. ಹುಳಿ ಬಂದ ಹಿಟ್ಟಿಗೆ ಒದ್ದೆ ಮಣ್ಣು ಕಲಸಿದ ಹಾಗೆ. ನನಗಾಗ ಏಳು ವರ್ಷ. ಶಾಲೆಯ ಹಿಂದಿನ ದೊಡ್ಡ ಮರ ಒಂದು ವಾರ ಹಾಗೇ ನಾರಿತು. ಎಂಟನೆಯ ದಿನ, ಎಲೆಯೂ ಅಲುಗದ ಮಧ್ಯಾಹ್ನ, ಸುಮ್ಮನೆ ಮಲಗಿಬಿಟ್ಟಿತು. ಕೆಳಗೆ ಗಂಟೆ ಹೊಡೆಯುವ ತಾತ ಕೂತಿದ್ದರು.

ಇಪ್ಪತ್ತು ವರ್ಷಗಳ ಮೇಲೆ ಅದೇ ವಾಸನೆ ಒಬ್ಬರ ಅಂಗಿಯಿಂದ ಬಂತು.

ಬೆಂಕಿ ಬಿದ್ದು ಬೋಳಾದ ಗುಡ್ಡಕ್ಕೆ ಮತ್ತೆ ಕಾಡು ಬೆಳೆಸುವ ನರ್ಸರಿ ನಮ್ಮದು. ನನ್ನದು ಬೀಜ ಪರೀಕ್ಷೆಯ ಕೆಲಸ. ಗುಡ್ಡದ ಬುಡದಲ್ಲಿ ಊರು. ಪ್ರತಿ ಮಳೆಗೂ ಮಣ್ಣು ಇನ್ನೊಂದು ಬೀದಿಯನ್ನು ನುಂಗುತ್ತಿತ್ತು. ಮಣ್ಣನ್ನು ಬಿಗಿಯಾಗಿ ಹಿಡಿಯುವ ಜಾತಿಯ ಹಳೆಯ ಮರಗಳು ಉಳಿದದ್ದು ಎರಡೇ, ಅಕ್ಕಪಕ್ಕದಲ್ಲಿ. ಅವುಗಳ ಬೀಜಕ್ಕೆ ಹತ್ತು ದಿನದ ಆಯುಸ್ಸು. ಮರ ಹತ್ತಿ ಅದನ್ನು ತರುವವರು ಆ ಅಂಗಿಯವರು. ನರ್ಸರಿಯ ಹೆಂಗಸರ ಬಾಯಲ್ಲಿ 'ಕೋತಿರಾಯರು'.

"ಡಾಕ್ಟರಮ್ಮಾ, ಪೇಷೆಂಟುಗಳು ಬಂದಿವೆ," ಎಂದು ಚೀಲವನ್ನು ಮೇಜಿನ ಮೇಲಿಟ್ಟರು. "ಕೊಯ್ಯೋವಾಗ ಸ್ವಲ್ಪ ಕರುಣೆ ಇರ್ಲಿ."

"ಕರುಣೆ ಬೇಕಾದ್ರೆ ಒಳ್ಳೆ ಬೀಜ ತನ್ನಿ."

ನಕ್ಕರು. ನಗುವಾಗ ಅವರ ಎಡಗಣ್ಣು ಮೊದಲು ಮುಚ್ಚುತ್ತಿತ್ತು. ಅದನ್ನು ನೋಡಲೆಂದೇ ನಾನು ಬೈಯುತ್ತಿದ್ದೆ. ಅವತ್ತು ಅವರು ಬಾಗಿದಾಗ ಆ ವಾಸನೆ ಮೂಗಿಗೆ ಬಡಿಯಿತು.

ಬೀಜ ಕೊಯ್ದು ತಿರುಳು ನೋಡಿದೆ. ಹತ್ತಕ್ಕೆ ಹತ್ತೂ ಜೊಳ್ಳು. ಸೆಖೆ ಎರಡು ತಿಂಗಳು ಮೊದಲೇ ಬಂದು, ಜೇನು ಏಳುವ ಮುಂಚೆಯೇ ಹೂವು ಉದುರಿತ್ತು. ತಡವಾಗಿ ಹೂಬಿಟ್ಟ ತುದಿಕೊಂಬೆಗಳಲ್ಲಷ್ಟೇ ಗಟ್ಟಿಬೀಜ ಸಿಕ್ಕೀತು. ನಿಜ ಬರೆದರೆ ಅವರು ಅಲ್ಲಿಗೇ ಹತ್ತುತ್ತಾರೆ. 'ನೂರಕ್ಕೆ ಎಂಬತ್ತು ಮೊಳಕೆ' ಎಂದು ಬರೆದೆ.

ಸಂಜೆ ಆ ಹಾಳೆ ಹಿಡಿದೇ ಬಂದರು. "ನಿಮ್ಮ ಕೈಯಿಂದ ಎಂಬತ್ತಾ? ಮೂರು ವರ್ಷದಲ್ಲಿ ಐವತ್ತು ದಾಟಿದ್ದಿಲ್ಲ!"

ತಟ್ಟೆಯಿಂದೊಂದು ಬೀಜ ತೆಗೆದು ಕಡಿದರು. ಅಂಗೈಗೆ ಕಪ್ಪು ಪುಡಿ ಉದುರಿತು. ನಗು ಆರಿತು.

"ಯಾಕ್ರೀ?"

"ನೀವು ಹತ್ತೋ ಮರ ಬೀಳತ್ತೆ. ನಿಮ್ಮ ಅಂಗೀಲಿ ಅದರ ವಾಸನೆ ಇದೆ."

"ಬೀಜ ಸಿಗದಿದ್ರೆ ಗುಡ್ಡಾನೇ ಊರಿನ ಮೇಲೆ ಬರತ್ತಲ್ಲ?"

"ಗೊತ್ತು. ಆದ್ರೆ ನನಗೆ ಊರಿಗಿಂತ..."

ಅವರು ಆ ಪುಡಿಯನ್ನು ತಟ್ಟೆಗೆ ಕೊಡವಿದರು. "ಅಷ್ಟು ಹೇಳಿದ್ರಲ್ಲ, ಸಾಕು. ಪಕ್ಕದ ಮರ ಗಟ್ಟಿ ಇದೆ, ಹಗ್ಗ ಅದರ ಮೇಲಿಂದ ಬಿಡ್ತೀನಿ. ಇದು ಬಿದ್ರೂ ನಾನು ನೇತಾಡ್ತಿರ್ತೀನಿ, ಹೆಸರಿಗೆ ತಕ್ಕ ಹಾಗೆ. ಹಗ್ಗದ ತುದಿ ಮಾತ್ರ ನೀವೇ ಹಿಡೀಬೇಕು."

ಮರುದಿನ ಬೆಳಗ್ಗೆ ಗಾಳಿಯಿರಲಿಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ. ಮೂವತ್ತು ಹೆಜ್ಜೆ ಎಣಿಸಿ ನನ್ನನ್ನು ದೂರ ನಿಲ್ಲಿಸಿದರು.

"ಇಷ್ಟು ದೂರ ಯಾಕೆ?"

"ಹತ್ತಿರದಿಂದ ನಾನು ಅಷ್ಟೇನೂ ಚೆನ್ನಾಗಿಲ್ಲ."

ಹತ್ತಿದರು. ಒಂದೊಂದು ಕೊಂಬೆಗೂ ಮರ ಹಳೆಯ ಬಾಗಿಲಿನಂತೆ ನರಳಿತು. ಹಗ್ಗ ಎರಡು ಸಲ ಜಗ್ಗಿತು, ನಾನು ಬಿಡಲಿಲ್ಲ. ಅರ್ಧ ಚೀಲದೊಂದಿಗೆ ಇಳಿದರು. ಓಡಿಹೋಗಿ ಮರದ ಬುಡದಲ್ಲೇ ಹತ್ತು ಬೀಜ ಕೊಯ್ದೆ. ಏಳರ ತಿರುಳು ಬೆಳ್ಳಗಿತ್ತು.

ಖುಷಿಯಲ್ಲಿ ಪಕ್ಕದ ಮರಕ್ಕೆ ಒರಗಿದೆ. ಹುಳಿ ಬಂದ ಹಿಟ್ಟು, ಒದ್ದೆ ಮಣ್ಣು.

"ಇದಕ್ಕೂ ಬಂದಿದೆ!"

"ಹೂಂ. ಹೋದ ವಾರವೇ ತಟ್ಟಿ ನೋಡಿದ್ದೆ, ಒಳಗೆ ಟೊಳ್ಳು," ಎನ್ನುತ್ತ ತೋಳು ಹಿಡಿದು ನನ್ನನ್ನು ಮತ್ತೆ ದೂರ ಕರೆದೊಯ್ದು ಕೂರಿಸಿದರು. "ಮೂವತ್ತು ಹೆಜ್ಜೆ ಯಾಕೆ ಅಂದ್ಕೊಂಡ್ರಿ?"

"ಸುಳ್ಳುಗಾರ!"

"ಎಂಬತ್ತು ಬರೆದೋರು ಹೇಳ್ತಿದ್ದಾರೆ."

ಅಳು ಬಂತು. ಕಣ್ಣೊರೆಸಲು ಕೈಯೆತ್ತಿದಾಗ ಅಂಗೈಯ ಚರ್ಮ ಸುಲಿದದ್ದು ಇಬ್ಬರಿಗೂ ಕಂಡಿತು. ಹಿಂದೆ ಮರದ ಒಳಗೆಲ್ಲೋ ಲಟಕ್ಕೆಂದಿತು. ಅವರು ತಿರುಗಿ ನೋಡಲಿಲ್ಲ. ಅವರಿಗೆಂದು ಅವರ ಅಕ್ಕ ಕಟ್ಟಿಕೊಟ್ಟಿದ್ದ ಒಬ್ಬರ ಊಟದ ಡಬ್ಬಿಯ ಮುಚ್ಚಳ ತೆಗೆದು, ನನ್ನ ಅಂಗೈ ನೋಯದ ಹಾಗೆ ಚಮಚದ ಹಿಡಿಗೆ ಕರವಸ್ತ್ರ ಸುತ್ತಿ ಅದರೊಳಗಿಟ್ಟು, ನನ್ನ ಮಡಿಲಿಗೆ ಕೊಟ್ಟರು.